ವಿಶ್ವವಿದ್ಯಾನಿಲಯದ ಉಪನ್ಯಾಸಕ್ಕೆ ನಮ್ಮಂಥವರು ಹೋಗಿ ಕೂರಬಹುದಾ?

ಮಂಡ್ಯ ಟೈಲರ್:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇದೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್, ಕುಚ್ಚು, ಎಲ್ಲ ಮಾಡುತ್ತೇನೆ. ಓದಿದ್ದು ಪಿಯುಸಿವರೆಗೆ. ಈಗ 47 ವರ್ಷ.

ಕೇಳಬೇಕಾಗಿರುವುದು ಇಷ್ಟು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸ, ವಿಚಾರ ಸಂಕಿರಣ, ನಾಟಕ, ಸಂಗೀತ ಅಂತ ಏನೇನೋ ನಡೆಯುತ್ತಿರುತ್ತದಲ್ಲ, ಅಲ್ಲಿ ಓದದೇ ಇರುವವರು ಅದಕ್ಕೆ ಹೋಗಬಹುದಾ? ಪೇಪರಿನಲ್ಲಿ ಮರುದಿನ ಫೋಟೋ ಬರುತ್ತದೆ. ‘ವಿಶೇಷ ಉಪನ್ಯಾಸ ನೀಡಿದರು’ ಅಂತ ಕೆಳಗೆ ಬರೆದಿರುತ್ತಾರೆ. ನಡೆದು ಹೋದ ಮೇಲೆ ಗೊತ್ತಾಗಿ ಏನು ಬಂತು?

ಇದು ಈಗ ಯಾಕೆ ತಲೆಗೆ ಬಂತು ಅಂದರೆ, 2024ರ ಡಿಸೆಂಬರ್‌ನಲ್ಲಿ ನಮ್ಮೂರಲ್ಲಿ 87ನೇ ಸಾಹಿತ್ಯ ಸಮ್ಮೇಳನ ಆಯಿತಲ್ಲ, ಮೂರು ದಿನದಲ್ಲಿ ಎರಡು ದಿನ ಅಂಗಡಿ ಮುಚ್ಚಿ ಹೋಗಿದ್ದೆ. ನನ್ನ ಜೊತೆ ಬಂದವರು ಪುಸ್ತಕದ ಮಳಿಗೆ, ಊಟದ ಸಾಲು ಅಂತ ಹೊರಟರು. ನಾನು ಒಂದು ಗೋಷ್ಠಿಯಲ್ಲಿ ಸುಮ್ನೆ ಕೂತೆ. ಎದ್ದಿದ್ದು ಮಧ್ಯಾಹ್ನ ಎರಡೂವರೆಗೆ. ಯಾರೋ ಒಬ್ಬರು ಒಂದೇ ವಿಷಯವನ್ನು ಎಳೆ ಎಳೆಯಾಗಿ ಬಿಡಿಸಿ ಹೇಳುವುದನ್ನು ಕೇಳಿ ಎಷ್ಟು ವರ್ಷ ಆಗಿತ್ತೋ. ಶಾಲೆಯ ನೆನಪಾಯಿತು. ಅವತ್ತಿನಿಂದ ಅದೊಂದು ಹಸಿವು ಹಾಗೇ ಉಳಿದಿದೆ. ಮೊಬೈಲಿನಲ್ಲಿ ಭಾಷಣ ಹಾಕಿಕೊಂಡು ಹೊಲಿಯುತ್ತೇನೆ. ಆದರೆ ಮಿಷನ್ ಸದ್ದಿನಲ್ಲಿ ಅರ್ಧ ಹೋಗುತ್ತದೆ, ನಡುವೆ ಯಾರಾದರೂ ಅಳತೆ ಕೊಡಲು ಬರುತ್ತಾರೆ. ಎದುರಿಗೆ ಕೂತು ಕೇಳುವುದೇ ಬೇರೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಒಂದು ಕಡೆ ಇಂಥದ್ದೇ ಕಾರ್ಯಕ್ರಮಕ್ಕೆ ಹೋಗಿದ್ದೆ. ಜಾಗದ ಹೆಸರು ಬೇಡ. ಬಾಗಿಲಲ್ಲಿ ಒಬ್ಬ ಹುಡುಗ ರಿಜಿಸ್ಟರ್ ಇಟ್ಟುಕೊಂಡು ಕೂತಿದ್ದ. ಅದರಲ್ಲಿ ನಾಲ್ಕು ಕಾಲಂ. ಹೆಸರು, ವಿಭಾಗ, ನೋಂದಣಿ ಸಂಖ್ಯೆ, ಸಹಿ. ಹೆಸರು ಬರೆದೆ. ‘ಯಾವ ಡಿಪಾರ್ಟ್‌ಮೆಂಟ್ ಮೇಡಂ?’ ಅಂದ. ಆ ಹುಡುಗ ಒರಟಾಗಿ ಏನೂ ಕೇಳಲಿಲ್ಲ. ಆದರೂ ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಪೆನ್ನು ವಾಪಸ್ ಕೊಟ್ಟು ಹೊರಗೆ ಬಂದುಬಿಟ್ಟೆ. ಬಸ್ಸಿನಲ್ಲಿ ಶ್ರೀರಂಗಪಟ್ಟಣ ದಾಟುವವರೆಗೂ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ನಮ್ಮ ತಾತನ ಟ್ರಂಕಿನಲ್ಲಿ ಅಂಗೈ ಅಗಲದ ಪುಸ್ತಕಗಳಿದ್ದವು. ಮೇಲೆ ‘ಮೈಸೂರು ವಿಶ್ವವಿದ್ಯಾನಿಲಯ’ ಅಂತ ಅಚ್ಚಾಗಿತ್ತು. ಪಾಂಡವಪುರದ ಕಡೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು ಅವರು. ‘ಮೈಸೂರಿಂದ ಮೇಷ್ಟ್ರು ಬಂದಿದ್ದರು, ಸ್ಕೂಲಿನ ಮುಂದೆ ಗ್ಯಾಸ್‌ಲೈಟ್ ಹಚ್ಚಿ ಮಾತಾಡಿದರು’ ಅಂತ ಹೇಳುತ್ತಿದ್ದರು. ತಾತನ ಹತ್ತಿರಕ್ಕೇ ಬಂದ ಯೂನಿವರ್ಸಿಟಿ ಮೊಮ್ಮಗಳಿಗೆ ಯಾಕೆ ಇಷ್ಟು ದೂರ ಆಯಿತು?

ಆಷಾಢ ಬರುತ್ತಿದೆ. ಮದುವೆ ಇರಲ್ಲ, ಬ್ಲೌಸಿನ ಕೆಲಸ ಕಡಿಮೆ. ಒಂದು ತಿಂಗಳು ಕೈ ಬಿಡುವಾಗಿರುತ್ತದೆ. ಎಲ್ಲಿ ವಿಚಾರಿಸಬೇಕು, ಯಾರನ್ನು ಕೇಳಬೇಕು, ಕನ್ನಡದಲ್ಲಿ ಇರುತ್ತದಾ ಇಂಗ್ಲಿಷಾ, ಗೊತ್ತಿದ್ದವರು ದಯವಿಟ್ಟು ಹೇಳಿ.

ಮೈಕ್‌ಸೆಟ್ ಮೈಸೂರು:

ಹೋಗಬಹುದು ತಾಯಿ. ಧಾರಾಳವಾಗಿ ಹೋಗಬಹುದು. ನಿಮ್ಮ ಬರಹ ಓದಿ ಬೆಳಗ್ಗೆಯಿಂದ ಮನಸ್ಸು ತಡೆಯಲಿಲ್ಲ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ನಾನು 34 ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕೆಲಸ ಮಾಡಿದವನು. ಅಗ್ರಹಾರದ ಹತ್ತಿರ ಚಿಕ್ಕ ಅಂಗಡಿ. ಒಂದು ಅಹುಜಾ ಆಂಪ್ಲಿಫೈಯರ್, ಎರಡು ಕಾಲಂ ಸ್ಪೀಕರ್, ನಾಲ್ಕು ಮೈಕು, ವೈರಿನ ಚೀಲ. ಆಟೋದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಮದುವೆ, ಗಣೇಶ, ರಾಜ್ಯೋತ್ಸವ ಎಲ್ಲ ಮಾಡಿದ್ದೇನೆ. ಆದರೆ ಜಾಸ್ತಿ ಮಾಡಿದ್ದು ಸಭೆಗಳನ್ನು. ಯೂನಿವರ್ಸಿಟಿಯ ಕ್ಯಾಂಪಸ್ ಮಾನಸಗಂಗೋತ್ರಿ, ಮಹಾರಾಜ ಕಾಲೇಜು, ಊರಿನ ಬೇರೆ ಬೇರೆ ಸಭಾಂಗಣ. ಈಗ ಹೆಚ್ಚಿನ ಕಡೆ ಸ್ವಂತ ಸೌಂಡ್ ಸಿಸ್ಟಂ ಬಂದಿದೆ. ಆಗ ಇರಲಿಲ್ಲ. ನನ್ನ ಜಾಗ ಯಾವಾಗಲೂ ಬಲಗಡೆ ಗೋಡೆ ಪಕ್ಕ, ಒಂದು ಸ್ಟೂಲು. ಅಲ್ಲಿ ಕೂತು ನಾನು ಕೇಳಿದ ಉಪನ್ಯಾಸಕ್ಕೆ ಲೆಕ್ಕ ಇಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ.

ಬಾಗಿಲಲ್ಲಿ ಇಡುವ ಆ ರಿಜಿಸ್ಟರ್ ವಿಷಯ ಮೊದಲು ಹೇಳುತ್ತೇನೆ. ಅದು ನಿಮ್ಮನ್ನು ತಡೆಯಲು ಇಟ್ಟಿದ್ದಲ್ಲ. ವಿದ್ಯಾರ್ಥಿಗಳ ಹಾಜರಾತಿಗೆ, ಎಷ್ಟು ಜನ ಬಂದಿದ್ದರು ಅಂತ ವರದಿ ಬರೆಯುವುದಕ್ಕೆ ಇಟ್ಟಿರುತ್ತಾರೆ. ಹೊರಗಿನ ಒಬ್ಬರ ಹೆಸರು ಅದರಲ್ಲಿ ಇದ್ದರೆ ಸಂಘಟಕರಿಗೆ ಸಂತೋಷವೇ. ಆಹ್ವಾನ ಪತ್ರಿಕೆಯ ಕೊನೆಯಲ್ಲಿ ‘ಸರ್ವರಿಗೂ ಆದರದ ಸ್ವಾಗತ’ ಅಂತ ಅಚ್ಚು ಹಾಕಿಸಿರುತ್ತಾರೆ ನೋಡಿ, ಆ ಸರ್ವರು ಅಂದರೆ ನೀವೇ. ‘ವಿಭಾಗ’ ಅನ್ನುವ ಕಡೆ ‘ಸಾರ್ವಜನಿಕರು’ ಅಂತ ಬರೆಯಿರಿ. ಸಂಖ್ಯೆಯ ಕಾಲಂನಲ್ಲಿ ಗೆರೆ ಎಳೆಯಿರಿ. ಸಹಿ ಹಾಕಿ ಒಳಗೆ ನಡೆಯಿರಿ. ಅಷ್ಟೇ.

ದತ್ತಿ ಉಪನ್ಯಾಸ ಅಂತ ಕೇಳಿರುತ್ತೀರಿ. ಅದರ ಹಿಂದೆ ಏನಿದೆ ಅಂತ ತಿಳಿದುಕೊಂಡರೆ ನಿಮಗೆ ಧೈರ್ಯ ಬರುತ್ತದೆ. ಯಾರೋ ಒಬ್ಬರು ತಮ್ಮ ತಂದೆ ತಾಯಿ ಹೆಸರಲ್ಲೋ, ಕಲಿಸಿದ ಗುರುಗಳ ಹೆಸರಲ್ಲೋ ಒಂದಿಷ್ಟು ಹಣ ಇಡುತ್ತಾರೆ. ಅಸಲು ಹಾಗೇ ಇರುತ್ತದೆ. ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಉಪನ್ಯಾಸ ನಡೆಯಬೇಕು. ಒಮ್ಮೆ ಒಬ್ಬರು ವಯಸ್ಸಾದ ಹೆಂಗಸು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಗಂಡನ ಹೆಸರಿನ ದತ್ತಿ. ಪಿಂಚಣಿಯಲ್ಲಿ ಉಳಿಸಿ ಇಟ್ಟ ದುಡ್ಡಂತೆ. ಸಭೆ ಮುಗಿದ ಮೇಲೆ ನಾನು ವೈರು ಸುತ್ತುತ್ತಿದ್ದೆ. ಹತ್ತಿರ ಬಂದು, ‘ಹಿಂದಿನವರೆಗೂ ಚೆನ್ನಾಗಿ ಕೇಳಿಸಿತೇನಪ್ಪ?’ ಅಂತ ಕೇಳಿದರು. ಕೇಳಿಸಿತಮ್ಮ ಅಂದೆ. ‘ಸದ್ಯ’ ಅಂದರು. ಆ ಹಣ ಇಟ್ಟಿದ್ದು ಹಿಂದಿನ ಸಾಲಿನವರಿಗೂ ಕೇಳಲಿ ಅಂತ. ನೀವು ಹೋಗಿ ಕೂತರೆ ಅವರ ದುಡ್ಡು ಸಾರ್ಥಕ ಆಗುತ್ತದೆ.

ನಿಜ ಹೇಳಬೇಕು ಅಂದರೆ ಮೊದಲ ಎಷ್ಟೋ ವರ್ಷ ನಾನು ಮಾತು ಕೇಳುತ್ತಲೇ ಇರಲಿಲ್ಲ. ಕಿವಿ ಬರೀ ಸದ್ದಿನ ಮೇಲಿರುತ್ತಿತ್ತು. ಕೀ ಅಂತ ಶಬ್ದ ಬರುತ್ತದಾ, ಪ ಅಕ್ಷರಕ್ಕೆ ಮೈಕು ಉಫ್ ಅನ್ನುತ್ತದಾ, ಅಷ್ಟೇ. ಒಂದು ದಿನ ಒಬ್ಬರು ಮೈಸೂರಿನ ರೇಡಿಯೋ ಕಥೆ ಹೇಳಿದರು. ಮಹಾರಾಜ ಕಾಲೇಜಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅಂತ ಮನಶ್ಶಾಸ್ತ್ರದ ಪ್ರೊಫೆಸರ್ ಇದ್ದರಂತೆ. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರಂತೆ. ಅದಕ್ಕೆ ಅವರಿಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಇದಿಷ್ಟು ನನಗೂ ಗೊತ್ತಿತ್ತು. ಆದರೆ ಉಪನ್ಯಾಸ ಮಾಡಿದವರು ಇನ್ನೊಂದು ಮಾತು ಹೇಳಿದರು. ಅವರು ಶುರು ಮಾಡಿದ ಟ್ರಾನ್ಸ್‌ಮಿಟರ್ 30 ವಾಟ್ ಅಂತ.

ನಾನು ಸ್ಟೂಲಿನ ಮೇಲೆ ನೆಟ್ಟಗೆ ಕೂತೆ. ನನ್ನ ಕಾಲ ಬುಡದಲ್ಲಿದ್ದ ಆಂಪ್ಲಿಫೈಯರ್ 100 ವಾಟ್. ಟ್ರಾನ್ಸ್‌ಮಿಟರಿನ ಲೆಕ್ಕ ಬೇರೆ, ಆಂಪ್ಲಿಫೈಯರಿನ ಲೆಕ್ಕ ಬೇರೆ, ಅದು ನನಗೆ ಗೊತ್ತು. ಆದರೂ 30 ವಾಟ್ ಅಂದರೆ ಎಷ್ಟು ಅಂತ ನನ್ನ ಕೈಗೆ ಗೊತ್ತಿತ್ತು. ಮನೆಯ ಬಲ್ಬಿಗಿಂತ ಕಡಿಮೆ. ಅಷ್ಟರಲ್ಲಿ ಒಬ್ಬ ಮೇಷ್ಟ್ರು ಊರಿನ ಕವಿಗಳನ್ನು, ಸಂಗೀತಗಾರರನ್ನು ಕರೆಸಿ ಕೂರಿಸಿ ಜನಕ್ಕೆ ಕೇಳಿಸಿದರು. ಪಾಠ ಹೇಳುವ ಕಾಲೇಜಿನ ಗೋಡೆ ಸಾಲದು ಅನ್ನಿಸಿದ್ದಕ್ಕೇ ತಾನೇ ಅವರು ಅಷ್ಟೆಲ್ಲ ಮಾಡಿದ್ದು? ಅವತ್ತಿನಿಂದ ನಾನು ಮಾತು ಕೇಳಲು ಶುರು ಮಾಡಿದೆ. ಆ ಸಭೆಯಲ್ಲಿ 30 ವಾಟ್ ಅಂದಾಗ ನನ್ನಷ್ಟು ಬೆರಗಾದವರು ಬೇರೆ ಯಾರೂ ಇರಲಿಲ್ಲ ಅಂತ ಈಗಲೂ ಹೇಳುತ್ತೇನೆ. ಓದಿದವರಿಗೆ ಒಂದು ಮಾತು ಹಿಡಿಸುತ್ತದೆ, ಕೈಕೆಲಸದವರಿಗೆ ಇನ್ನೊಂದು ಮಾತು ಹಿಡಿಸುತ್ತದೆ. ನಿಮಗೂ ನಿಮ್ಮದೊಂದು ಮಾತು ಸಿಗುತ್ತದೆ.

ಈಗ ಉಪಯೋಗಕ್ಕೆ ಬರುವ ವಿಷಯ. ಕಾರ್ಡಿನಲ್ಲಿ 10.30 ಅಂತ ಇದ್ದರೆ ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು ಎಲ್ಲ ಆಗಿ ಮುಖ್ಯ ಉಪನ್ಯಾಸ ಶುರುವಾಗುವಾಗ 11.30 ಆಗುತ್ತದೆ. ಮಂಡ್ಯದಿಂದ ಎಂಟೂವರೆಗೆ ಬಸ್ಸು ಹತ್ತಿದರೂ ಸಾಕು. ತೀರಾ ಹಿಂದೆ ಕೂರಬೇಡಿ. ಫ್ಯಾನ್ ಸದ್ದು, ಗೋಡೆಗೆ ಬಡಿದು ಬರುವ ಸದ್ದು ಸೇರಿ ಮಾತು ಕಲಸಿಹೋಗುತ್ತದೆ. ಮುಂದಿನ ಎರಡು ಸಾಲು ಗಣ್ಯರಿಗೆ ಬಿಟ್ಟಿರುತ್ತಾರೆ. ನಾಲ್ಕನೇ ಸಾಲು, ನಡುವಿನ ದಾರಿಯ ಪಕ್ಕ, ಅದು ಒಳ್ಳೆಯ ಜಾಗ.

ಕೊನೆಯಲ್ಲಿ ಸಂವಾದ ಇರುತ್ತದೆ. ಕಾರ್ಡ್‌ಲೆಸ್ ಮೈಕು ಕೈಗೆ ಕೊಡುತ್ತಾರೆ. ಹೊಸಬರು ಅದನ್ನು ಎದೆಯ ಹತ್ತಿರ ಹಿಡಿಯುತ್ತಾರೆ, ಕೇಳಿಸುವುದೇ ಇಲ್ಲ. ಬಾಯಿಂದ ನಾಲ್ಕು ಬೆರಳು ದೂರ. ಕೈ ನಡುಗಿದರೆ ಎರಡೂ ಕೈಯಲ್ಲಿ ಹಿಡಿಯಿರಿ. ಮೊದಲ ಸಲ ಎಲ್ಲರಿಗೂ ನಡುಗುತ್ತದೆ. ಪ್ರೊಫೆಸರುಗಳ ಕೈ ನಡುಗಿದ್ದನ್ನೂ ನೋಡಿದ್ದೇನೆ.

ಗಂಗೋತ್ರಿ ಸಂಶೋಧಕಿ:

ಅಕ್ಕಾ, ನಾನು ಇಲ್ಲೇ ಕನ್ನಡದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮೈಕ್‌ಸೆಟ್ ಅಣ್ಣ ಹೇಳಿದ್ದೆಲ್ಲ ಸರಿ. ಎಲ್ಲಿ ವಿಚಾರಿಸಬೇಕು ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ.

ಎಲ್ಲ ಕಾರ್ಯಕ್ರಮವೂ ಒಂದೇ ಕಡೆ ಪಟ್ಟಿಯಾಗಿ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಪ್ರತಿ ವಿಭಾಗ ತನ್ನ ಪಾಡಿಗೆ ಮಾಡುತ್ತದೆ. ಕಾರ್ಡು ಒಂದೆರಡು ದಿನ ಮುಂಚೆ ವಾಟ್ಸ್ಆಪ್‌ನಲ್ಲಿ ಓಡಾಡುತ್ತದೆ. ಹಾಗಾಗಿ ಒಬ್ಬರ ಪರಿಚಯ ಇದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ನನಗೆ ಇಲ್ಲೇ ಮೆಸೇಜ್ ಮಾಡಿ, ಬಂದಿದ್ದನ್ನೆಲ್ಲ ಕಳಿಸುತ್ತೇನೆ. ಇನ್ನು ‘ಆಂದೋಲನ’, ‘ಮೈಸೂರು ಮಿತ್ರ’ದಂಥ ಊರಿನ ಪೇಪರುಗಳಲ್ಲಿ ಇವತ್ತಿನ ಕಾರ್ಯಕ್ರಮ ಅಂತ ಚಿಕ್ಕ ಅಕ್ಷರದಲ್ಲಿ ಬರುತ್ತದೆ. ಅದನ್ನು ಬೆಳಗ್ಗೆಯೇ ನೋಡಬೇಕು.

ಜಾಗ ತಪ್ಪಿಸಿಕೊಳ್ಳುವುದೇ ದೊಡ್ಡ ತೊಂದರೆ. ಕಾರ್ಡಿನಲ್ಲಿ ಬರೀ ‘ವಿಶ್ವವಿದ್ಯಾನಿಲಯ’ ಅಂತ ನೋಡಿ ಹೊರಡಬೇಡಿ. ಕ್ರಾಫರ್ಡ್ ಹಾಲ್ ಅಂದರೆ ಆಡಳಿತದ ಕಟ್ಟಡ, ಅದು ಊರ ನಡುವೆ ಇದೆ. ರೈಲ್ವೆ ಸ್ಟೇಷನ್ನಿಂದ ನಡೆದೇ ಹೋಗಬಹುದು. ಮಹಾರಾಜ ಕಾಲೇಜಿನ ಶತಮಾನೋತ್ಸವ ಭವನವೂ ಆ ಕಡೆಯೇ. ಸೆನೆಟ್ ಭವನ, ರಾಣಿ ಬಹದ್ದೂರ್ ಸಭಾಂಗಣ, ವಿಜ್ಞಾನ ಭವನ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಇವೆಲ್ಲ ಮಾನಸಗಂಗೋತ್ರಿಯಲ್ಲಿ, ಕುಕ್ಕರಹಳ್ಳಿ ಕೆರೆಯ ಪಕ್ಕ. ಗಂಗೋತ್ರಿ ತುಂಬಾ ದೊಡ್ಡದು. ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಗೆ ನಡೆದರೆ ಅರ್ಧ ಗಂಟೆ ಹೋಗುತ್ತದೆ. ಯಾವ ಕಟ್ಟಡ ಅಂತ ಕೇಳಿಕೊಂಡೇ ಬನ್ನಿ.

ಭಾಷೆ ಬಗ್ಗೆ. ಕನ್ನಡ, ಜಾನಪದ, ಇತಿಹಾಸದ ಕಡೆಯ ಉಪನ್ಯಾಸಗಳು ಹೆಚ್ಚಾಗಿ ಕನ್ನಡದಲ್ಲೇ. ವಿಜ್ಞಾನ, ವಾಣಿಜ್ಯದವು ಇಂಗ್ಲಿಷ್. ಕಾರ್ಡು ಯಾವ ಭಾಷೆಯಲ್ಲಿದೆಯೋ ಮಾತೂ ಅದೇ ಭಾಷೆಯಲ್ಲಿ ಇರುತ್ತದೆ ಅಂತ ಸುಮಾರಾಗಿ ಇಟ್ಟುಕೊಳ್ಳಿ.

ನಾಟಕ ಇಷ್ಟ ಇದ್ದರೆ ಗಂಗೋತ್ರಿಯಿಂದ ಕೂಗಳತೆಯಲ್ಲಿ ರಂಗಾಯಣ ಇದೆ, ಕಲಾಮಂದಿರದ ಆವರಣದಲ್ಲಿ. ಬಿ.ವಿ. ಕಾರಂತರು ಕಟ್ಟಿದ್ದು, 1989ರಿಂದ ನಡೆಯುತ್ತಿದೆ. ಅದು ಯೂನಿವರ್ಸಿಟಿಗೆ ಸೇರಿದ್ದಲ್ಲ, ನಾಟಕಕ್ಕೆ ಟಿಕೆಟ್ ಇರುತ್ತದೆ. ಅಲ್ಲಿನ ಭೂಮಿಗೀತ ರಂಗಮಂದಿರದಲ್ಲಿ ಸಂಜೆ ನಾಟಕ ಮುಗಿಯುವಾಗ ರಾತ್ರಿಯಾಗುತ್ತದೆ, ಮಂಡ್ಯಕ್ಕೆ ವಾಪಸ್ ಹೋಗುವುದನ್ನು ಮೊದಲೇ ಯೋಚಿಸಿಕೊಳ್ಳಿ. ದಸರಾಗೆ ಮುಂಚೆ ಗಂಗೋತ್ರಿ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ಇರುತ್ತದೆ. ಕಾಲೇಜು ಮಕ್ಕಳು ಎಲ್ಲೆಲ್ಲಿಂದಲೋ ಬಂದು ಕುಣಿಯುತ್ತಾರೆ. ಭಾರೀ ಜನ, ಭಾರೀ ಸದ್ದು. ಕೂತು ಕೇಳುವ ಹಸಿವು ಅಂದಿರಲ್ಲ ಅಕ್ಕ, ಆ ಹಸಿವಿಗೆ ಅದು ಆಗಲ್ಲ. ಆದರೆ ಅವರು ಹಾಕಿಕೊಂಡು ಬರುವ ಬಟ್ಟೆ ನೋಡಲಿಕ್ಕಾದರೂ ಒಮ್ಮೆ ಬನ್ನಿ.

ಬಸ್ಸಿನ ಖರ್ಚು ನಿಮಗೆ ಗೊತ್ತೇ ಇದೆ. ಆಧಾರ್ ಕಾರ್ಡ್ ಇಟ್ಟುಕೊಂಡರೆ ಶೂನ್ಯ ಟಿಕೆಟ್. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಅಮ್ಮನೂ ಚಾಮರಾಜನಗರದಿಂದ ನನ್ನ ಜೊತೆ ಒಂದು ಸಂಕಿರಣಕ್ಕೆ ಬಂದು ಕೂತಿದ್ದರು. ಒಂದೇ ಎಚ್ಚರ. ಆಷಾಢ ಶುಕ್ರವಾರ ಮಾತ್ರ ಬರಬೇಡಿ. ಚಾಮುಂಡಿ ಬೆಟ್ಟಕ್ಕೆ ಹೋಗುವ ಜನ, ಬಸ್ಸಿನಲ್ಲಿ ನಿಲ್ಲಲೂ ಜಾಗ ಸಿಗಲ್ಲ.

ಮದ್ದೂರಿನ ಹಳೇ ಮೇಷ್ಟ್ರು:

ಇಬ್ಬರೂ ಒಳ್ಳೆಯ ಮಾತನ್ನೇ ಹೇಳಿದ್ದೀರಿ. ನಾನು ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ.

ನಾನು 1973ರಿಂದ 75ರವರೆಗೆ ಗಂಗೋತ್ರಿಯಲ್ಲಿ ಎಂ.ಎ. ಓದಿದವನು. ದೇ. ಜವರೇಗೌಡರು ಆಗ ಕುಲಪತಿ. ಆಮೇಲೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿ ಜೀವನ ಕಳೆದೆ. ಈ ಹೆಣ್ಣುಮಗಳ ತಾತನ ಟ್ರಂಕಿನ ಮಾತು ಓದಿ ಕೈ ಕಟ್ಟಿ ಕೂರಲಾಗಲಿಲ್ಲ. ಆ ಪುಸ್ತಕ ಯಾವುದು ಅಂತ ನನಗೆ ಗೊತ್ತು. ನನ್ನ ಹತ್ತಿರವೂ ಇವೆ.

1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸ ಅಂತ ಶುರು ಮಾಡಿತು. ಕಾಲೇಜಿನ ಅಧ್ಯಾಪಕರು ತಾಲ್ಲೂಕು ಊರುಗಳಿಗೆ, ಹಳ್ಳಿಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡುತ್ತಿದ್ದರು. ವಿಜ್ಞಾನ, ಆರೋಗ್ಯ, ಚರಿತ್ರೆ, ಸಾಹಿತ್ಯ, ಯಾವುದೂ ವರ್ಜ್ಯ ಇರಲಿಲ್ಲ. ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲ ಅದು. ಇಂಗ್ಲಿಷಿನಲ್ಲಿ ಪಾಠ ಮಾಡುವ ಅದೇ ಮೇಷ್ಟ್ರು ಹಳ್ಳಿಗೆ ಬಂದರೆ ಕನ್ನಡದಲ್ಲೇ ಹೇಳಬೇಕು. ಹೇಳಬೇಕಾದರೆ ಪದ ಹುಡುಕಬೇಕು. ಎಷ್ಟೋ ವಿಷಯಕ್ಕೆ ಕನ್ನಡದಲ್ಲಿ ಮಾತು ಹುಟ್ಟಿದ್ದೇ ಹಾಗೆ. ಆಡಿದ ಮಾತನ್ನೇ ಚಿಕ್ಕ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಕುವೆಂಪು 1956ರಿಂದ 60ರವರೆಗೆ ಕುಲಪತಿಯಾಗಿದ್ದಾಗ ಬೋಧನೆ, ಸಂಶೋಧನೆಯ ಜೊತೆಗೆ ಪ್ರಸಾರವೂ ವಿಶ್ವವಿದ್ಯಾನಿಲಯದ ಅಂಗವೇ ಅಂತ ನೆಲೆಗೊಳಿಸಿದರು. ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಗಂಗೋತ್ರಿ ಅಂದರೆ ನದಿ ಹುಟ್ಟುವ ಜಾಗ. ಹುಟ್ಟಿದ ನೀರು ಕೆಳಗೆ ಹರಿದು ಬರಬೇಕು ತಾನೇ?

ನನ್ನ ದೂರು ಇರುವುದು ಇಲ್ಲೇ. ಈಚೆಗೆ ಒಂದು ಸಭೆಗೆ ಹೋಗಿದ್ದೆ. ಎಲ್ಲಿ ಅಂತ ಹೇಳುವುದಿಲ್ಲ. ವೇದಿಕೆಯ ಮೇಲೆ ಹನ್ನೊಂದು ಜನ. ಹನ್ನೊಂದು ಜನಕ್ಕೂ ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಒಂದು ಗಂಟೆ ಅದಕ್ಕೇ ಹೋಯಿತು. ಉಪನ್ಯಾಸಕರಿಗೆ ಉಳಿದದ್ದು 20 ನಿಮಿಷ. ಅವರೂ ಬರೆದು ತಂದಿದ್ದನ್ನು ತಲೆ ಎತ್ತದೆ ಓದಿದರು. ಹಿಂದೆ ಕೂತಿದ್ದ ಮಕ್ಕಳು ಹಾಜರಾತಿಗಾಗಿ ಬಂದವರು, ಮೊಬೈಲು ನೋಡುತ್ತಿದ್ದರು. ಸಂವಾದ ಅಂತ ಕಾರ್ಡಿನಲ್ಲಿತ್ತು. ಸಮಯದ ಅಭಾವ ಅಂತ ವಂದನಾರ್ಪಣೆ ಮಾಡಿ ಮುಗಿಸಿದರು. ಈ ಹೆಣ್ಣುಮಗಳು ಮಂಡ್ಯದಿಂದ 45 ಕಿಲೋಮೀಟರ್ ಬಂದು ಇಂಥ ಸಭೆಯಲ್ಲಿ ಕೂತರೆ ಆ ಹಸಿವಿಗೆ ಏನು ಸಿಗುತ್ತದೆ?

ಮಂಡ್ಯವೇನು ಕಡಿಮೆ ಊರಲ್ಲ. 1974ರಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ನಾನು ಗಂಗೋತ್ರಿಯಿಂದ ಗೆಳೆಯರ ಜೊತೆ ಬಂದಿದ್ದೆ. ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರು. ಸಮ್ಮೇಳನಕ್ಕೆ ಹೆಣ್ಣುಮಗಳೊಬ್ಬರು ಅಧ್ಯಕ್ಷರಾಗಿದ್ದು ಅದೇ ಮೊದಲು. ಮಂಡ್ಯದಲ್ಲಿ ಕರ್ನಾಟಕ ಸಂಘ ಇದೆ, ಕೆ.ವಿ. ಶಂಕರಗೌಡರ ಹೆಸರಿನ ರಂಗಮಂದಿರ ಇದೆ. ಮೇಷ್ಟ್ರುಗಳು ಇಲ್ಲಿಗೆ ಬರಲಿ. ತಿಂಗಳಿಗೆ ಒಬ್ಬರು, ಒಂದು ವಿಷಯ, ಒಂದೂವರೆ ಗಂಟೆ. ಶಾಲು ಬೇಡ, ಹಾರ ಬೇಡ. ನಾನು ಸತ್ತುಹೋಗುವ ಮೊದಲು ಇದನ್ನು ನೋಡಬೇಕು ಅಂತ ಆಸೆ.

ಮೈಕ್‌ಸೆಟ್ ಮೈಸೂರು:

ಮೇಷ್ಟ್ರೇ, ನೀವು ಹೇಳಿದಂಥ ಸಭೆಗಳನ್ನು ನಾನೂ ನೂರಾರು ನೋಡಿದ್ದೇನೆ. ಸುಳ್ಳು ಅನ್ನಲಾರೆ. ಶಾಲು ಹೊದಿಸುವ ಆ ಒಂದು ಗಂಟೆ ನಾನು ಮೈಕು ಆಫ್ ಮಾಡಿ ಕೂರುತ್ತಿದ್ದೆ.

ಆದರೆ ಒಂದು ಕಂಡಿದ್ದೇನೆ. ಸಭೆಯಲ್ಲಿ ತಾನಾಗಿ ಬಂದ ಒಬ್ಬರೇ ಒಬ್ಬರು ಇದ್ದರೂ ಮಾತಾಡುವವರಿಗೆ ಅದು ಗೊತ್ತಾಗುತ್ತದೆ. ಹಾಜರಾತಿಗೆ ಬಂದ ಮುಖ ಬೇರೆ, ಕೇಳಲು ಬಂದ ಮುಖ ಬೇರೆ. ಆ ಮುಖ ಕಂಡ ಕೂಡಲೇ ಕಾಗದ ಕೆಳಗಿಟ್ಟು ಮಾತಾಡಲು ಶುರು ಮಾಡಿದವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕಾಗದ ಓದುವಾಗ ದನಿ ಮೈಕಿನ ಕೆಳಗೆ ಹೋಗುತ್ತದೆ. ತಲೆ ಎತ್ತಿದರೆ ನೇರ ಮೈಕಿಗೆ ಬೀಳುತ್ತದೆ. ಆಗ ನಾನು ವಾಲ್ಯೂಮ್ ಇಳಿಸಬೇಕಾಗುತ್ತಿತ್ತು. ಅದಕ್ಕೇ ಹೇಳುವುದು, ತಾಯಿ, ನೀವು ಹೋಗಿ.

ಮಂಡ್ಯಕ್ಕೆ ಬರಲಿ ಅನ್ನುವ ನಿಮ್ಮ ಮಾತಿಗೆ ನನ್ನದೂ ಕೈ ಇದೆ. ಆಂಪ್ಲಿಫೈಯರ್ ಇನ್ನೂ ಕೆಲಸ ಮಾಡುತ್ತದೆ. ಬಾಡಿಗೆ ಬೇಡ.

ಮಂಡ್ಯ ಟೈಲರ್:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹೋಗಿ ಬಂದೆ!

ಸಂಶೋಧಕಿ ತಂಗಿ ಕಾರ್ಡು ಕಳಿಸಿದ್ದಳು. ಗಂಗೋತ್ರಿಯ ಒಂದು ವಿಭಾಗದಲ್ಲಿ ತಾಳೆಗರಿ ಹಸ್ತಪ್ರತಿ ಬಗ್ಗೆ ದತ್ತಿ ಉಪನ್ಯಾಸ. ಮಂಗಳವಾರ ಬೆಳಗ್ಗೆ ಎಂಟೂ ಕಾಲಿನ ಬಸ್ಸು. ಬಾಗಿಲಲ್ಲಿ ಅದೇ ಥರದ ರಿಜಿಸ್ಟರ್. ಹೆಸರು ಬರೆದೆ. ವಿಭಾಗದ ಕಡೆ ‘ಸಾರ್ವಜನಿಕರು’ ಅಂತ ಬರೆಯಲು ಹೋಗಿ, ಯಾಕೋ ಮನಸ್ಸು ಬದಲಾಗಿ ‘ಹೊಲಿಗೆ, ಮಂಡ್ಯ’ ಅಂತ ಬರೆದೆ. ಕೂತಿದ್ದ ಹುಡುಗಿ ಓದಿ, ‘ಬನ್ನಿ ಅಕ್ಕ, ಕಾಫಿ ಆ ಕಡೆ ಇದೆ’ ಅಂದಳು.

ನಾಲ್ಕನೇ ಸಾಲಲ್ಲಿ ಕೂತೆ. ಉಪನ್ಯಾಸ ಶುರುವಾಗಿದ್ದು 11.20ಕ್ಕೆ. ಅಣ್ಣ ಹೇಳಿದ ಲೆಕ್ಕವೇ.

ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಕೊಟ್ಟ ತಾಳೆಗರಿ ಕಟ್ಟು, ಗ್ರಂಥಲಿಪಿ ಅನ್ನುವ ಹಳೆಯ ಲಿಪಿಯಲ್ಲಿ ಇದ್ದದ್ದು. ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ ಇದೇನು ಅಂತ ಗುರುತು ಹಿಡಿದರು. 1909ರಲ್ಲಿ ಅಚ್ಚಾಯಿತು. ಅಲ್ಲಿಯವರೆಗೆ ಹೆಸರು ಕೇಳಿದ್ದವರು ಇದ್ದರೇ ಹೊರತು ಪುಸ್ತಕ ಕಂಡವರು ಇರಲಿಲ್ಲ. ಆ ಒಂದು ಕಟ್ಟನ್ನು ಯಾರಾದರೂ ಒಲೆಗೆ ಹಾಕಿದ್ದರೆ?

ಆಮೇಲೆ ಗರಿಯನ್ನು ಹೇಗೆ ಹದ ಮಾಡುತ್ತಾರೆ ಅಂತ ಹೇಳಿದರು. ಚೂಪಾದ ಉಕ್ಕಿನ ಕಡ್ಡಿಯಲ್ಲಿ ಗೀರಿ ಬರೆಯುವುದು. ಬರೆದಾಗ ಅಕ್ಷರ ಕಾಣುವುದೇ ಇಲ್ಲವಂತೆ. ಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಸಿ ಉಳಿದು ಅಕ್ಷರ ಏಳುತ್ತದೆ. ಗರಿಗೆ ಉದ್ದಕ್ಕೆ ನಾರು ಇರುತ್ತದೆ, ಆ ನಾರಿನ ಗುಂಟ ನೇರ ಗೆರೆ ಎಳೆದರೆ ಸೀಳಿಹೋಗುತ್ತದೆ, ನಮ್ಮ ಅಕ್ಷರಗಳು ಗುಂಡಗಾಗಲು ಅದೂ ಒಂದು ಕಾರಣ ಅಂತ ಹೇಳುವವರಿದ್ದಾರೆ ಅಂದರು. ಅಲ್ಲಿ ನಾನು ಹಿಡಿದುಕೊಂಡೆ. ಬಟ್ಟೆಯೂ ಅಷ್ಟೇ. ಎಳೆಯ ಗುಂಟ ಚಿಕ್ಕ ಕತ್ತರಿ ಹಾಕಿ ಎಳೆದರೆ ಸರ್ ಅಂತ ನೇರ ಹರಿಯುತ್ತದೆ. ಬ್ಲೌಸಿಗೆ ನಾವು ಕ್ರಾಸ್ ಕಟಿಂಗ್ ಮಾಡುವುದು ಬಟ್ಟೆ ಎಳೆಯ ಮೇಲೆ ಬಿಗಿಯದೆ ಮೈಗೆ ಬಾಗಲಿ ಅಂತ. ಮೈಕ್‌ಸೆಟ್ ಅಣ್ಣ 30 ವಾಟ್ ಕೇಳಿ ನೆಟ್ಟಗೆ ಕೂತೆ ಅಂದಿದ್ದರಲ್ಲ, ನಾನೂ ಹಾಗೇ ಕೂತೆ.

ಪರದೆಯ ಮೇಲೆ ಒಂದು ಗರಿಯ ಚಿತ್ರ ತೋರಿಸಿದರು. ನಡುವೆ ತೂತು, ದಾರ ಪೋಣಿಸಲು. ಸಂವಾದ ಅಂದಾಗ ಮೊದಲು ಇಬ್ಬರು ವಿದ್ಯಾರ್ಥಿಗಳು ಕೇಳಿದರು. ನಾನು ಕೈ ಎತ್ತಿದೆ. ಮೈಕು ಬಂತು. ಎರಡೂ ಕೈಯಲ್ಲಿ ಹಿಡಿದೆ, ನಾಲ್ಕು ಬೆರಳು ದೂರ. ‘ಸರ್, ನಾನು ಟೈಲರ್. ದಾರ ಆಡಿ ಆಡಿ ತೂತಿನ ಅಂಚು ಹರಿಯಲ್ವಾ? ಹರಿದರೆ ಪಕ್ಕದ ಅಕ್ಷರ ಹೋಗಲ್ವಾ?’ ಅಂತ ಕೇಳಿದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಆ ಚಿತ್ರವನ್ನು ಮತ್ತೆ ಹಾಕಿಸಿ ದೊಡ್ಡದು ಮಾಡಿಸಿದರು. ತೂತಿನ ಸುತ್ತ ಒಂದು ಚೌಕ ಖಾಲಿ ಇತ್ತು. ಸಾಲು ಅಲ್ಲಿಯವರೆಗೆ ಬಂದು, ಜಾಗ ಬಿಟ್ಟು, ಆಚೆಯಿಂದ ಮುಂದುವರಿದಿತ್ತು. ‘ದಾರ ತಿಕ್ಕುತ್ತದೆ ಅಂತ ಬರೆಯುವವನಿಗೆ ಮೊದಲೇ ಗೊತ್ತಿತ್ತಮ್ಮ, ಅದಕ್ಕೇ ಬಿಟ್ಟಿದ್ದಾನೆ’ ಅಂದರು. ಕಾಜ ಹಾಕುವಾಗ ನಾವೂ ಅಂಚಿನಿಂದ ಇಷ್ಟು ಜಾಗ ಬಿಡುತ್ತೇವೆ ಸರ್ ಅಂದೆ. ‘ಎಷ್ಟು ಬಿಡುತ್ತೀರಿ?’ ಅಂತ ಕೇಳಿದರು. ಗುಂಡಿ ಎಷ್ಟು ಅಗಲವೋ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಂದೆ. ಅವರು ಜೇಬಿನಿಂದ ಪೆನ್ನು ತೆಗೆದು ಅದನ್ನು ಕಾರ್ಡಿನ ಹಿಂದೆ ಬರೆದುಕೊಂಡರು.

ಮೇಷ್ಟ್ರೇ, ಅವತ್ತು ಶಾಲು ಎರಡೇ ಇತ್ತು.

ತಾತನ ಟ್ರಂಕು ಅಣ್ಣನ ಮನೆಯಲ್ಲಿದೆ. ಭಾನುವಾರ ಹೋಗಿ ಆ ಪುಸ್ತಕಗಳನ್ನು ತರುತ್ತೇನೆ. ಮದ್ದೂರಿಗೆ ಒಂದು ದಿನ ತಂದು ತೋರಿಸಲಾ? ಮುಂದಿನ ಬುಧವಾರ ಗಂಗೋತ್ರಿಯಲ್ಲಿ ಇನ್ನೊಂದು ಉಪನ್ಯಾಸ ಇದೆ. ಮಂಡ್ಯದಿಂದ ಬರುವವರು ಯಾರಾದರೂ ಇದ್ದರೆ ಹೇಳಿ, ಎಂಟೂ ಕಾಲಿಗೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ.